ವಾಕ್‌ಅಬೌಟ್ (1971): ಆ ಹುಡುಗ ಸತ್ತದ್ದು ಯಾಕೆ?

ಬಯಲುಸೀಮೆ ಓದುಗ

ನಿಕೊಲಸ್ ರೋಗ್ ನಿರ್ದೇಶಿಸಿದ ‘ವಾಕ್‌ಅಬೌಟ್’ ಬಗ್ಗೆ ಮಾತು ಬಂದಾಗಲೆಲ್ಲ, ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಸಿಕ್ಕಿಬಿದ್ದ ಇಬ್ಬರು ಮಕ್ಕಳು ಬದುಕಿ ಬಂದ ಕಥೆ ಎಂದು ಹೇಳಿ ಮುಗಿಸಿಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಇಬ್ಬರು ಬದುಕಿ ಬಂದರು, ನಿಜ. ಆದರೆ ಅಲ್ಲಿ ಬದುಕುವ ವಿದ್ಯೆ ಗೊತ್ತಿದ್ದ ಮೂರನೆಯವನು ಸತ್ತುಹೋದ. ಚಿತ್ರದ ತಿರುಳಿರುವುದು ಆ ಸಾವಿನಲ್ಲಿ. ಅದಕ್ಕೆ ‘ಪ್ರೇಮ ವೈಫಲ್ಯ’ ಎಂದು ಹಣೆಪಟ್ಟಿ ಹಚ್ಚುವುದು ಆ ಹುಡುಗನಿಗೆ ಮಾಡುವ ಎರಡನೆಯ ಅನ್ಯಾಯ. ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕಥೆ ಪೂರ್ತಿ ಬರುತ್ತದೆ.

ಸಿಡ್ನಿಯ ಒಬ್ಬ ತಂದೆ ಶಾಲಾ ಸಮವಸ್ತ್ರದಲ್ಲಿರುವ ಮಗಳನ್ನೂ ಪುಟ್ಟ ಮಗನನ್ನೂ ಕಾರಿನಲ್ಲಿ ಕೂರಿಸಿಕೊಂಡು ದೂರದ ಬಂಜರು ನೆಲಕ್ಕೆ ಬರುತ್ತಾನೆ. ಮಗಳು ಊಟಕ್ಕೆ ಬಟ್ಟೆ ಹಾಸುತ್ತಿರುವಾಗ ಪಿಸ್ತೂಲು ತೆಗೆದು ಮಕ್ಕಳ ಮೇಲೆ ಗುಂಡು ಹಾರಿಸುತ್ತಾನೆ. ಮಕ್ಕಳು ಬಂಡೆಗಳ ಮರೆಗೆ ಓಡುತ್ತಾರೆ. ಅವನು ಕಾರಿಗೆ ಬೆಂಕಿ ಹಚ್ಚಿ ತಾನೂ ಗುಂಡು ಹಾರಿಸಿಕೊಳ್ಳುತ್ತಾನೆ. ಯಾಕೆ ಎಂದು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಅಕ್ಕ ತಮ್ಮನ ಕೈಹಿಡಿದು ನಡೆಯುತ್ತಾಳೆ. ಅವಳ ಬಳಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇದೆ, ನೀರಿಲ್ಲ.

ಕೆಂಪು ಹಣ್ಣು ಬಿಟ್ಟ ಒಂದು ಮರ, ಅದರ ಬುಡದಲ್ಲಿ ಸಣ್ಣ ನೀರಿನ ಗುಂಡಿ ಸಿಗುತ್ತದೆ. ಮರುದಿನದ ಹೊತ್ತಿಗೆ ಹಣ್ಣು ಹಕ್ಕಿಗಳ ಪಾಲು, ನೀರು ನೆಲದ ಪಾಲು. ಆಗ ಮರಳ ದಿಬ್ಬದ ಮೇಲೆ ಒಬ್ಬ ಮೂಲನಿವಾಸಿ ಹುಡುಗ ಕಾಣಿಸಿಕೊಳ್ಳುತ್ತಾನೆ. ಸೊಂಟದಲ್ಲಿ ಬೇಟೆಯಾಡಿದ ಹಲ್ಲಿಗಳು ನೇತಾಡುತ್ತಿವೆ. ಅವನು ಕುಲಸಂಪ್ರದಾಯದಂತೆ ಒಂಟಿಯಾಗಿ ನಾಡಲೆಯಲು, ಅಂದರೆ ‘ವಾಕ್‌ಅಬೌಟ್’ಗೆ, ಹೊರಟವನು ಎಂದು ಆರಂಭದ ಬರಹ ಮೊದಲೇ ಹೇಳಿರುತ್ತದೆ.

ಹುಡುಗಿ ನೀರು ಕೇಳುತ್ತಾಳೆ, ಇಂಗ್ಲಿಷಿನಲ್ಲಿ. ಅವನಿಗೆ ಅರ್ಥವಾಗದಿದ್ದಾಗ ಅದೇ ಮಾತನ್ನು ಇನ್ನೂ ಬಿಡಿಸಿ, ಇನ್ನೂ ಜೋರಾಗಿ ಹೇಳುತ್ತಾಳೆ. ತಮ್ಮ ಗಂಟಲು ತೋರಿಸಿ ಕುಡಿಯುವ ಅಭಿನಯ ಮಾಡುತ್ತಾನೆ. ಅವನಿಗೆ ತಕ್ಷಣ ತಿಳಿಯುತ್ತದೆ, ನಗು ಬರುತ್ತದೆ. ಒಂದು ಟೊಳ್ಳು ಕಡ್ಡಿಯನ್ನು ಒಣಗಿದ ಗುಂಡಿಯ ತಳಕ್ಕೆ ಇಳಿಸಿ ಹೀರಿ ನೀರು ಮೇಲಕ್ಕೆ ತರುತ್ತಾನೆ. ನೀರು ಅವರ ಕಾಲ ಕೆಳಗೇ ಇತ್ತು.

ಮೂವರೂ ಎಷ್ಟೋ ದಿನ ಜೊತೆಗೆ ನಡೆಯುತ್ತಾರೆ. ತಮ್ಮ ಅವನ ಮಾತಿನ ತುಣುಕುಗಳನ್ನು ಕಲಿಯುತ್ತಾನೆ. ಅಕ್ಕ ಒಂದೇ ಒಂದು ಪದವನ್ನೂ ಕಲಿಯುವುದಿಲ್ಲ, ಅವನ ಹೆಸರನ್ನೂ ಕೇಳುವುದಿಲ್ಲ. ಚಿತ್ರದಲ್ಲಿ ಮೂವರಲ್ಲಿ ಯಾರಿಗೂ ಹೆಸರಿಲ್ಲ. ಕೊನೆಗೆ ಪಾಳುಬಿದ್ದ ಒಂದು ತೋಟದ ಮನೆ ಸಿಗುತ್ತದೆ. ಹುಡುಗ ಮೈಗೆ ಬಣ್ಣ ಬಳಿದುಕೊಂಡು ಆ ಮನೆಯ ಸುತ್ತ ರಾತ್ರಿಯವರೆಗೂ ಕುಣಿಯುತ್ತಾನೆ. ಹುಡುಗಿ ಹೆದರಿ ಒಳಗೇ ಉಳಿಯುತ್ತಾಳೆ. ಬೆಳಗಾದಾಗ ಅವನ ಶವ ಮರದ ಕೊಂಬೆಗಳ ನಡುವೆ ಇರುತ್ತದೆ.

ಕುಣಿತಕ್ಕೆ ಮೊದಲು ಏನಾಯಿತು ಎಂಬುದನ್ನು ಯಾರೂ ನೆನಪಿಡುವುದಿಲ್ಲ. ಹುಡುಗ ಬೇಟೆಗೆ ಹೋದಾಗ ಬಿಳಿಯರ ವಾಹನವೊಂದು ಧೂಳೆಬ್ಬಿಸಿಕೊಂಡು ಬರುತ್ತದೆ. ಬಂದೂಕಿನಿಂದ ಎಮ್ಮೆಗಳನ್ನು ಉರುಳಿಸುತ್ತಾರೆ. ಅವನು ದಂಗಾಗಿ ನೋಡುತ್ತಾನೆ. ಆಮೇಲೆ ಬಿಳಿಚಿದ ಮೂಳೆಗಳ ನಡುವೆ, ಮೈಗೆ ಬಿಳಿ ಬಳಿದುಕೊಂಡು, ತಾನೂ ಒಂದು ಅಸ್ಥಿಪಂಜರವೆಂಬಂತೆ ಮಲಗುತ್ತಾನೆ. ಅಲ್ಲಿಂದ ಎದ್ದು ಬಂದವನು ಕುಣಿಯುವುದು. ಹುಡುಗಿ ಬಾಗಿಲು ತೆರೆಯಲಿಲ್ಲ ಎಂಬುದು ಕಾರಣಗಳಲ್ಲಿ ಕೊನೆಯದು. ಅದಕ್ಕೆ ಮೊದಲೇ ಅವನ ನೆಲ ಅವನದಾಗಿ ಉಳಿದಿರಲಿಲ್ಲ. ನಿಮಗೇನನ್ನಿಸುತ್ತದೆ?

ಸೋಮವಾರದ ಸಂಜೆ

ಬೇಟೆಗಾರರ ದೃಶ್ಯದ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಹುಡುಗಿಯನ್ನು ನೀವು ಸುಲಭವಾಗಿ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದ್ದೀರಿ. ಹೆತ್ತ ತಂದೆಯೇ ಗುಂಡು ಹಾರಿಸಿದ್ದನ್ನು ಅವಳು ಕಂಡಿದ್ದಾಳೆ. ಆ ಸಾವನ್ನು ತಮ್ಮನಿಂದ ಮುಚ್ಚಿಟ್ಟು, ಅಳದೆ, ಅವನನ್ನು ನಡೆಸಿಕೊಂಡು ಬಂದಿದ್ದಾಳೆ. ಶಾಲೆಯ ಟೋಪಿ, ಕಾಲುಚೀಲ, ಶಿಸ್ತಿನ ಮಾತು ಇವಿಷ್ಟೇ ಅವಳಿಗೆ ಉಳಿದ ಆಧಾರ. ಅಂಥವಳ ಮನೆಯ ಕಿಟಕಿಯಾಚೆ ಅವಳ ಮಾತು ತಿಳಿಯದ ಒಬ್ಬ ತರುಣ ಕತ್ತಲಾದರೂ ಕುಣಿಯುತ್ತಿದ್ದರೆ ಅವಳು ಹೆದರುವುದರಲ್ಲಿ ತಪ್ಪೇನಿದೆ? ಒಪ್ಪಿಗೆ ಕೊಡದಿದ್ದದ್ದು ಅವಳ ಹಕ್ಕು.

ನನ್ನ ಸಿಟ್ಟು ಚಿತ್ರದ ಮೇಲೆ. ಅಲ್ಲಿಯವರೆಗೆ ಅವನು ಗೆಳೆಯ, ದಾರಿ ಬಲ್ಲವನು. ಕೊನೆಯ ಭಾಗದಲ್ಲಿ ಚಿತ್ರ ಅವನನ್ನು ಇದ್ದಕ್ಕಿದ್ದಂತೆ ಪ್ರಣಯ ಯಾಚಕನನ್ನಾಗಿ ಮಾಡಿ, ನಿರಾಕರಣೆಯಾದ ಕೂಡಲೇ ಸಾಯಿಸುತ್ತದೆ. ಬಿಳಿಯರ ಮಕ್ಕಳು ದೊಡ್ಡವರಾಗಲು ಕರಿಯ ಹುಡುಗ ಸಾಯಬೇಕು ಎಂಬ ಹಳೆಯ ಕಥಾಸೂತ್ರ ಇಲ್ಲಿಯೂ ಇದೆ. ಎಷ್ಟು ಸುಂದರವಾಗಿ ಚಿತ್ರಿಸಿದರೂ ಅದು ಅದೇ ಸೂತ್ರ.

ಹಳೆಯ ಪುಸ್ತಕ

ಮೂಲ ಕಾದಂಬರಿಯನ್ನು ಓದಿದವರಿಗೆ ಈ ಜಗಳ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಜೇಮ್ಸ್ ವ್ಯಾನ್ಸ್ ಮಾರ್ಷಲ್ ಎಂಬ ಹೆಸರಿನಲ್ಲಿ ಅದು 1959ರಲ್ಲಿ ಬಂತು. ಅದರಲ್ಲಿ ಮಕ್ಕಳು ಅಮೆರಿಕದ ದಕ್ಷಿಣ ಕೆರೊಲಿನಾದವರು, ಹೆಸರು ಮೇರಿ ಮತ್ತು ಪೀಟರ್. ಅವರನ್ನು ಮರುಭೂಮಿಗೆ ತಂದೆಸೆಯುವುದು ವಿಮಾನ ಅಪಘಾತ. ತಂದೆಯ ಪಿಸ್ತೂಲು, ಉರಿಯುವ ಕಾರು ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಹುಡುಗನ ಸಾವೂ ಬೇರೆ. ಮೇರಿ ವರ್ಣಭೇದದ ಊರಿನಲ್ಲಿ ಬೆಳೆದವಳು. ಅವಳ ಕಣ್ಣಿನಲ್ಲಿ ಭೀತಿಯನ್ನು ಕಂಡು, ಅವಳು ತನ್ನೊಳಗೆ ಸಾವನ್ನೇ ನೋಡಿದಳು ಎಂದು ಅವನು ನಂಬುತ್ತಾನೆ. ಜೊತೆಗೆ ಪೀಟರ್‌ನಿಂದ ಶೀತಜ್ವರ ಅಂಟುತ್ತದೆ. ಬಿಳಿಯರಿಂದ ಬಂದ ಸೋಂಕು ಆ ಖಂಡದಲ್ಲಿ ಮಾಡಿದ ನಾಶ ಕಲ್ಪನೆಯಲ್ಲ. ಸಿಡ್ನಿಯಲ್ಲಿ ವಸಾಹತು ನೆಲೆಯೂರಿದ ಮರುವರ್ಷವೇ, 1789ರಲ್ಲಿ, ಸಿಡುಬು ಆ ಬಂದರಿನ ಸುತ್ತಲಿನ ಮೂಲನಿವಾಸಿಗಳನ್ನು ಹಿಂಡುಹಿಂಡಾಗಿ ಬಲಿ ತೆಗೆದುಕೊಂಡಿತು. ಕಾದಂಬರಿಕಾರ ಆ ಇತಿಹಾಸವನ್ನು ಒಂದು ಮಗುವಿನ ಸೀನಿಗೆ ಇಳಿಸಿದ. ಚಿತ್ರಕಥೆ ಬರೆದ ನಾಟಕಕಾರ ಎಡ್ವರ್ಡ್ ಬಾಂಡ್ ಅದನ್ನು ಕಿತ್ತುಹಾಕಿ, ಆ ಜಾಗದಲ್ಲಿ ಬೇಟೆಗಾರರ ಬಂದೂಕನ್ನೂ ಕುಣಿತವನ್ನೂ ಇಟ್ಟ. ಹಾಗಾಗಿ ‘ಸೋಮವಾರದ ಸಂಜೆ’ಯವರು ಹೇಳುವ ಪ್ರಣಯದ ಎಳೆ ಚಿತ್ರದವರು ಬೇಕೆಂದೇ ಹೊಸೆದದ್ದು.

ಚಿತ್ರಕೂಟ

ಬಾಂಡ್ ಕೊಟ್ಟ ಚಿತ್ರಕಥೆ ಸುಮಾರು 14 ಪುಟದ್ದು ಎಂದು ಹೇಳುತ್ತಾರೆ. ಉಳಿದದ್ದನ್ನು ರೋಗ್ ಕ್ಯಾಮೆರಾದಿಂದಲೇ ಬರೆದ. ಛಾಯಾಗ್ರಹಣವೂ ಅವನದೇ. ‘ಲಾರೆನ್ಸ್ ಆಫ್ ಅರೇಬಿಯಾ’ದ ಎರಡನೆಯ ತಂಡದಲ್ಲಿ ಮರಳುಗಾಡನ್ನು ಸೆರೆಹಿಡಿದ ಕಣ್ಣು ಅದು. ಪುಟ್ಟ ತಮ್ಮನ ಪಾತ್ರ ಮಾಡಿದವನು ಅವನ ಮಗ ಲೂಕ್. ಅಕ್ಕ ಜೆನ್ನಿ ಅಗಟರ್, ಸಂಗೀತ ಜಾನ್ ಬ್ಯಾರಿಯದು.

ಸಂಕಲನವನ್ನು ಗಮನಿಸಿ ಎಂದು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಹುಡುಗ ಕಾಂಗರೂವನ್ನು ಹೊಡೆದು ಮಾಂಸ ಬಿಡಿಸುವಾಗ ನಡುನಡುವೆ ಪಟ್ಟಣದ ಕಸಾಯಿ ಅಂಗಡಿಯ ಕತ್ತಿ ಏಳುತ್ತದೆ, ಬೀಳುತ್ತದೆ. ಬಿಳಿ ಅಂಗಿಯ ಕಟುಕ, ಸ್ವಚ್ಛವಾದ ಹಲಗೆ, ಅದೇ ಮಾಂಸ. ನಿರ್ದೇಶಕ ಒಂದು ಮಾತನ್ನೂ ಸೇರಿಸುವುದಿಲ್ಲ. ಪ್ರಾಣಿಯನ್ನು ಕೊಲ್ಲುವುದು ಅನಾಗರಿಕ ಎಂದುಕೊಂಡು ಕುಳಿತ ಪ್ರೇಕ್ಷಕನ ಕಾಲಡಿಯ ನೆಲ ಆ ಎರಡು ಚಿತ್ರಗಳ ನಡುವೆ ಸರಿದುಹೋಗುತ್ತದೆ. ಮುಂದೆ ಬೇಟೆಗಾರರ ವಾಹನ ಬಂದಾಗ ಚಿತ್ರ ಒಮ್ಮೆ ಸ್ತಬ್ಧವಾಗುತ್ತದೆ, ಒಮ್ಮೆ ಹಿಂದಕ್ಕೆ ಓಡುತ್ತದೆ, ನಡೆದದ್ದನ್ನು ನಡೆಯದ ಹಾಗೆ ಮಾಡಲು ಆ ಹುಡುಗನ ಮನಸ್ಸು ಹೆಣಗುತ್ತಿರುವಂತೆ. ಇಷ್ಟೆಲ್ಲ ಕಟ್ಟಿದ ಮೇಲೆ ಸಾವಿಗೆ ಹುಡುಗಿಯ ನಿರಾಕರಣೆಯೊಂದೇ ಕಾರಣ ಎಂದು ರೋಗ್ ಹೇಳುತ್ತಿದ್ದಾನೆ ಎಂದರೆ ನಾನು ನಂಬಲಾರೆ.

ಇನ್ನೊಂದು ಮುಖ್ಯ ವಿಷಯ. ಹುಡುಗ ಚಿತ್ರದುದ್ದಕ್ಕೂ ಮಾತನಾಡುತ್ತಾನೆ. ಹೇರಳವಾಗಿ, ತಮಾಷೆಯಾಗಿ, ಕೆಲವೊಮ್ಮೆ ಕಳವಳದಿಂದ ಮಾತನಾಡುತ್ತಾನೆ. ಒಂದು ಮಾತಿಗೂ ಅಡಿಬರಹ ಇಲ್ಲ. ಹೀಗಾಗಿ ನಾವು ಬೇಡವೆಂದರೂ ಹುಡುಗಿಯ ಕಿವಿಯಿಂದಲೇ ಕೇಳಬೇಕು. ಕುಣಿತದ ಹಿಂದಿನ ದಿನ ಅವನು ಏನು ಹೇಳಿದ? ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇದು ಚಿತ್ರದ ಅತ್ಯಂತ ಗಟ್ಟಿಯಾದ ನಿರ್ಧಾರ.

ಡಾರ್ವಿನ್ ಕನ್ನಡತಿ

ನಾನು ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲೇ ನೆಲೆಸಿರುವವಳು. ‘ಚಿತ್ರಕೂಟ’ ಅವರೇ, “ನಮಗೂ ಗೊತ್ತಿಲ್ಲ” ಎಂದಿರಿ. ಆ ‘ನಾವು’ ಯಾರು? ಆ ಮಾತು ಅರ್ಥವಾಗುವ ಪ್ರೇಕ್ಷಕರು ಈ ಭೂಮಿಯ ಮೇಲೆ ಇದ್ದಾರೆ. ಹುಡುಗನಾಗಿ ನಟಿಸಿದ ಡೇವಿಡ್ ಗುಲ್ಪಿಲಿಲ್ ಇದೇ ಪ್ರಾಂತ್ಯದ ಆರ್ನ್‌ಹೆಮ್ ಲ್ಯಾಂಡಿನ ಯೋಲ್ಙು ಜನಾಂಗದವರು. ಅಡಿಬರಹ ಹಾಕದಿರುವುದು ಗಟ್ಟಿ ನಿರ್ಧಾರ ಹೌದು, ಆದರೆ ಚಿತ್ರ ಯಾರಿಗಾಗಿ ತಯಾರಾಯಿತು ಎಂಬುದನ್ನೂ ಅದೇ ಹೇಳಿಬಿಡುತ್ತದೆ. ಚಿತ್ರದ ಹೆಸರುಪಟ್ಟಿಯಲ್ಲಿ ಅವರ ಹೆಸರನ್ನು ‘ಗುಂಪಿಲಿಲ್’ ಎಂದು ತಪ್ಪಾಗಿ ಅಚ್ಚು ಹಾಕಿದ್ದಾರೆ.

ನೆಲದ ಬಗ್ಗೆಯೂ ಹೇಳಬೇಕು. ಸಿಡ್ನಿಯಿಂದ ಖಂಡದ ನಟ್ಟನಡುವಿನ ಊರಾದ ಆಲಿಸ್ ಸ್ಪ್ರಿಂಗ್ಸ್‌ಗೆ ರಸ್ತೆಯಲ್ಲಿ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಚಿತ್ರದಲ್ಲಿ ಅದು ಒಂದು ಮಧ್ಯಾಹ್ನದ ಸವಾರಿ. ಆಮೇಲೆ ಮಕ್ಕಳು ನಡೆಯುತ್ತ ನಡೆಯುತ್ತ ಕೆಂಪು ಮರಳಿನಿಂದ ಹಸಿರು ಜೌಗಿಗೆ ಬಂದುಬಿಡುತ್ತಾರೆ. ಆಲಿಸ್‌ನಿಂದ ನಮ್ಮ ಡಾರ್ವಿನ್ ಕಡೆಗೆ ಸುಮಾರು 1,500 ಕಿಲೋಮೀಟರ್. ಆ ಎಮ್ಮೆಗಳಿರುವುದು ಈ ಉತ್ತರದ ತುದಿಯಲ್ಲಿ. ಅವು ಈ ಖಂಡದ ಪ್ರಾಣಿಗಳಲ್ಲ, 19ನೆಯ ಶತಮಾನದಲ್ಲಿ ವಸಾಹತುಗಾರರು ಹಡಗಿನಲ್ಲಿ ತಂದದ್ದು. ಗುಲ್ಪಿಲಿಲ್ ಬೆಳೆದದ್ದು ಮಳೆಗಾಲದಲ್ಲಿ ನೀರು ತುಂಬಿ ಹರಿಯುವ ನಾಡಿನಲ್ಲಿ. ಅವರನ್ನು ತಂದು ಮರಳುಗಾಡಿನ ಮಗ ಎಂದು ನಿಲ್ಲಿಸಿದ್ದಾರೆ. ವಸಾಹತು ಬರುವ ಮೊದಲು ಆಸ್ಟ್ರೇಲಿಯಾದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಒಬ್ಬೊಬ್ಬರಿಗೂ ಅವರವರ ನೆಲ, ಅವರವರ ಕುಣಿತ. ಚಿತ್ರ ಅದೆಲ್ಲವನ್ನೂ ಒಂದೇ ‘ಕಾಡು’ ಮಾಡಿತು.

ಆರಂಭದ ಆ ಬರಹ ನನಗೆ ಹಿಡಿಸಿಲ್ಲ. ಹದಿನಾರು ತುಂಬಿದ ಹುಡುಗನನ್ನು ತಿಂಗಳುಗಟ್ಟಲೆ ಒಂಟಿಯಾಗಿ ಅಟ್ಟುವುದು ಆಸ್ಟ್ರೇಲಿಯಾದ ಎಲ್ಲ ಮೂಲನಿವಾಸಿಗಳ ಸಂಪ್ರದಾಯ ಎಂಬಂತೆ ಅದು ಓದಿಸಿಕೊಳ್ಳುತ್ತದೆ. ಯೋಲ್ಙು ಸಮುದಾಯದಲ್ಲಿ ಹುಡುಗರ ದೀಕ್ಷೆ ಹಿರಿಯರು ಮುಂದೆ ನಿಂತು, ಬಂಧುಬಳಗ ಸೇರಿ, ಹಾಡು ಕುಣಿತಗಳೊಂದಿಗೆ ನಡೆಸುವ ದೊಡ್ಡ ಕಾರ್ಯ. ನೀರು ಎಲ್ಲಿದೆ ಎಂಬ ಜ್ಞಾನ ಒಂಟಿ ಸಾಹಸದಿಂದ ಬಂದದ್ದಲ್ಲ, ಹೇಳಿಕೊಟ್ಟವರು ಇದ್ದಾರೆ. ಚಿತ್ರದ ಹುಡುಗನಿಗೆ ಅಮ್ಮನಿಲ್ಲ, ಮಾವನಿಲ್ಲ, ಗುರುವಿಲ್ಲ. ಅವನು ಆ ದಿಬ್ಬದ ಮೇಲೆ ಎಲ್ಲಿಂದಲೋ ಉದ್ಭವವಾದವನಂತೆ ಬರುತ್ತಾನೆ. ಅಷ್ಟು ಒಂಟಿಯಾಗಿ ಕಲ್ಪಿಸಿಕೊಂಡವನನ್ನು ಸಾಯಿಸುವುದೂ ಸುಲಭ.

ಬಯಲುಸೀಮೆ ಓದುಗ

‘ಡಾರ್ವಿನ್ ಕನ್ನಡತಿ’ಯವರ ಕೊನೆಯ ವಾಕ್ಯ ನನ್ನ ವಾದಕ್ಕೆ ಸಿಕ್ಕ ದೊಡ್ಡ ಬಲ. ಇದನ್ನು ಕಾಲದೊಂದಿಗೂ ಇಟ್ಟು ನೋಡಬೇಕು. ಚಿತ್ರೀಕರಣ ನಡೆದದ್ದು 1969ರಲ್ಲಿ. ಮೂಲನಿವಾಸಿಗಳನ್ನು ರಾಷ್ಟ್ರದ ಜನಸಂಖ್ಯೆಯಲ್ಲಿ ಎಣಿಸಲು ಅವಕಾಶ ಕೊಟ್ಟ ಜನಮತ ಗಣನೆ ನಡೆದದ್ದು 1967ರ ಮೇ 27ರಂದು, ಶೇ. 90ಕ್ಕೂ ಹೆಚ್ಚು ಜನ ಹೌದೆಂದರು. ಅದಕ್ಕೂ ಹಿಂದಿನ ವರ್ಷ, 1966ರಲ್ಲಿ, ಉತ್ತರ ಪ್ರಾಂತ್ಯದ ವೇವ್ ಹಿಲ್‌ನ ದನದ ಹುಲ್ಲುಗಾವಲಿನಲ್ಲಿ ದುಡಿಯುತ್ತಿದ್ದ ಗುರಿಂಜಿ ಜನ ವಿನ್ಸೆಂಟ್ ಲಿಂಗಿಯಾರಿಯ ಮುಂದಾಳತ್ವದಲ್ಲಿ ಕೆಲಸ ಬಿಟ್ಟು ಹೊರನಡೆದು ತಮ್ಮ ನೆಲ ಕೇಳಿದರು. ಅಂದರೆ ಅದೇ ಪ್ರಾಂತ್ಯದಲ್ಲಿ, ಅದೇ ವರ್ಷಗಳಲ್ಲಿ, ಮೂಲನಿವಾಸಿಗಳು ಸಂಘಟಿತರಾಗಿ ಹೋರಾಡುತ್ತಿದ್ದರು. ಚಿತ್ರದಲ್ಲಿ ಅದರ ಸುಳಿವೂ ಇಲ್ಲ. ಬಿಳಿಯ ಯಜಮಾನನೊಬ್ಬನಿಗಾಗಿ ಸುಣ್ಣದ ಗೊಂಬೆ ಮಾಡುವ ಮಕ್ಕಳ ಒಂದು ಸಣ್ಣ ದೃಶ್ಯ ಬಿಟ್ಟರೆ, ದುಡಿಯುವ ಮೂಲನಿವಾಸಿಗಳು ಎಲ್ಲಿಯೂ ಕಾಣುವುದಿಲ್ಲ.

ಆದರೂ ಚಿತ್ರವನ್ನು ಕೈಬಿಡಲು ನಾನು ಸಿದ್ಧನಿಲ್ಲ. ಸಾವಿನ ಮರುಕ್ಷಣವನ್ನು ನೋಡಿ. ಹುಡುಗಿ ಸಮವಸ್ತ್ರ ತೊಟ್ಟು ಹೊರಡಲು ಅಣಿಯಾಗಿದ್ದಾಳೆ. ಮರದಲ್ಲಿರುವ ಅವನ ಎದೆಯ ಮೇಲೆ ಇರುವೆಗಳು ಹರಿದಾಡುತ್ತಿವೆ. ಅವಳು ಕೈಚಾಚಿ ಅವುಗಳನ್ನು ಒರೆಸುತ್ತಾಳೆ. ಮಾತಿಲ್ಲ, ಅಳುವಿಲ್ಲ. ಅವನ ಮೈಯನ್ನು ಅವಳು ಹಾಗೆ ಮುಟ್ಟುವುದು ಅವನು ಹೋದ ಮೇಲೆ. ಅಲ್ಲಿಂದ ಟಾರು ರಸ್ತೆ ಹಿಡಿದು ಗಣಿಯ ಊರಿಗೆ ಬಂದರೆ ಮೊದಲು ಸಿಗುವ ತಮ್ಮವನೇ ಆದ ಬಿಳಿಯ ಗಂಡಸು ಹೇಳುವುದು ಏನನ್ನೂ ಮುಟ್ಟಬೇಡಿ, ಇದು ಖಾಸಗಿ ಆಸ್ತಿ ಎಂದು. ಒಂದು ಲೋಟ ನೀರು ಕೊಡುವ ಮಾತಿಲ್ಲ. ಮರುಭೂಮಿಯಲ್ಲಿ ಬರೀ ಸನ್ನೆಗೇ ನೀರು ಸಿಕ್ಕಿತ್ತು.

ಕಾಡಂಚಿನ ಮೇಷ್ಟ್ರು

ಎಚ್.ಡಿ. ಕೋಟೆ ಕಡೆಯ ಶಾಲೆಯೊಂದರಲ್ಲಿ ಕಲಿಸುತ್ತೇನೆ. ನಾಗರಹೊಳೆ ಕಾಡಿನಿಂದ ಹೊರಬಂದ ಜೇನುಕುರುಬ ಕುಟುಂಬಗಳ ಮಕ್ಕಳು ನಮ್ಮಲ್ಲಿ ಓದುತ್ತಾರೆ. ನೀರಿನ ದೃಶ್ಯ ಓದಿದಾಗ ಅವರೇ ಕಣ್ಣಮುಂದೆ ಬಂದರು. ಯಾವ ಮರದ ಪೊಟರೆಯಲ್ಲಿ ಯಾವ ಜೇನು, ಯಾವ ಹಕ್ಕಿ ಕೂಗಿದರೆ ಹತ್ತಿರದಲ್ಲಿ ಏನಿದೆ ಎಂದು ಹೇಳಬಲ್ಲ ಹುಡುಗ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ ಕೂರುತ್ತಾನೆ. ಅವನಿಗೆ ಗೊತ್ತಿರುವುದನ್ನು ಕೇಳುವ ಒಂದೇ ಒಂದು ಪ್ರಶ್ನೆ ಪ್ರಶ್ನೆಪತ್ರಿಕೆಯಲ್ಲಿ ಇರುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಾಗ, ಕಾಡು ಬಲ್ಲವರ ಮಾತಿಗೆ ಕಾಗದದ ಮೇಲಾದರೂ ಬೆಲೆ ಬಂತಲ್ಲ ಎಂದು ಸಂತೋಷಪಟ್ಟಿದ್ದೆ. ತರಗತಿಯೊಳಗೆ ಅದು ಇನ್ನೂ ಬಂದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ಚಿತ್ರವನ್ನು ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಬಹುದೇ?

ಚಿತ್ರಕೂಟ

ಬೇಡ, ಮೇಷ್ಟ್ರೇ. ತಂದೆಯ ಆತ್ಮಹತ್ಯೆ ಇದೆ, ಹುಡುಗನ ಸಾವಿದೆ, ಪ್ರಾಣಿಗಳನ್ನು ನಿಜವಾಗಿಯೇ ಕೊಲ್ಲುವ ದೃಶ್ಯಗಳಿವೆ. ಬೆತ್ತಲೆ ಈಜಿನ ದೃಶ್ಯವೂ ಇದೆ. ಚಿತ್ರೀಕರಣದ ವೇಳೆ ನಟಿಗೆ ಹದಿನಾರು ವರ್ಷ. ಕಲೆಯ ಹೆಸರಿನಲ್ಲಿ ಅದನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ.

ಬದಲಿಗೆ ಗುಲ್ಪಿಲಿಲ್ ನಟಿಸಿದ ‘ಸ್ಟಾರ್ಮ್ ಬಾಯ್’ (1976) ತೋರಿಸಿ. ದಕ್ಷಿಣ ಆಸ್ಟ್ರೇಲಿಯಾದ ಕೂರಾಂಗ್ ಕಡಲಂಚಿನಲ್ಲಿ ತಂದೆಯೊಂದಿಗೆ ಒಂಟಿಯಾಗಿ ಬೆಳೆಯುವ ಹುಡುಗ, ಅವನು ಸಾಕಿದ ಹೆಜ್ಜಾರ್ಲೆ ಹಕ್ಕಿ, ಅವನಿಗೆ ನೆಲ ನೀರುಗಳ ಪಾಠ ಹೇಳುವ ಮೂಲನಿವಾಸಿ ಗೆಳೆಯ. ಇಲ್ಲಿ ಗುಲ್ಪಿಲಿಲ್ ಪಾತ್ರಕ್ಕೆ ಹೆಸರಿದೆ, ನೋವಿದೆ, ಹಿನ್ನೆಲೆಯಿದೆ.

ಹಳೆಯ ಪುಸ್ತಕ

ಸ್ವಲ್ಪ ದೊಡ್ಡ ಮಕ್ಕಳಾದರೆ ‘ರ್‍ಯಾಬಿಟ್ ಪ್ರೂಫ್ ಫೆನ್ಸ್’ (2002). ಇದು ‘ವಾಕ್‌ಅಬೌಟ್’ಗೆ ತಿರುಗಿಸಿ ಹಿಡಿದ ಕನ್ನಡಿ. 1931ರಲ್ಲಿ ಸರ್ಕಾರ ತಾಯಂದಿರಿಂದ ಕಿತ್ತುಕೊಂಡು ಹೋದ ಮೂವರು ಹುಡುಗಿಯರು ಮೂರ್ ರಿವರ್ ವಸತಿಯಿಂದ ತಪ್ಪಿಸಿಕೊಂಡು, ಮೊಲಗಳನ್ನು ತಡೆಯಲು ಹಾಕಿದ ಬೇಲಿಯನ್ನೇ ದಾರಿ ಮಾಡಿಕೊಂಡು ತಮ್ಮೂರಾದ ಜಿಗಲಾಂಗ್ ಕಡೆಗೆ ನಡೆಯುತ್ತಾರೆ, ಸುಮಾರು 2,400 ಕಿಲೋಮೀಟರ್. ನಡೆದದ್ದು ನಿಜ. ಬರೆದವರು ಡೋರಿಸ್ ಪಿಲ್ಕಿಂಗ್ಟನ್, ನಡೆದ ಹಿರಿಯ ಹುಡುಗಿ ಮೋಲಿಯ ಮಗಳು. ಇಲ್ಲಿ ಬಂಜರು ನೆಲ ಮಕ್ಕಳಿಗೆ ಶತ್ರುವಲ್ಲ, ಶತ್ರು ಬರುವುದು ಕಚೇರಿಯ ಕಡತದಿಂದ. ಅವರ ಹೆಜ್ಜೆ ಹುಡುಕುವ ಜಾಡುಗಾರನ ಪಾತ್ರದಲ್ಲಿ ಇರುವವರು ಅದೇ ಗುಲ್ಪಿಲಿಲ್. ಆ ಹುಡುಗಿಯರ ಜಾಣತನವನ್ನು ಗುರುತಿಸುವ ಕ್ಷಣದಲ್ಲಿ ಅವರ ಮುಖವನ್ನು ನೋಡಬೇಕು.

ಸೋಮವಾರದ ಸಂಜೆ

ಇಷ್ಟು ಓದಿದ ಮೇಲೂ ನನ್ನ ತಕರಾರು ಉಳಿದಿದೆ. ಮೂಲನಿವಾಸಿಗಳ ನೆಲ ಹೋದದ್ದರಿಂದ ಹುಡುಗ ಸತ್ತ ಎನ್ನುವುದಾದರೆ, ಚಿತ್ರ ಅವನನ್ನು ಇನ್ನೂ ದೊಡ್ಡ ಸಂಕೇತ ಮಾಡಿತು ಎಂದಾಯಿತು. ಒಂದು ಜನಾಂಗದ ಅಳಿವಿಗೆ ಸಂಕೇತ. ಆ ಜನಾಂಗ ಅಳಿದಿಲ್ಲ. ಆ ಹುಡುಗನ ಪಾತ್ರ ಮಾಡಿದವರೇ ಐವತ್ತು ವರ್ಷ ನಟಿಸಿದರು.

ಕೊನೆಯ ದೃಶ್ಯವೂ ನನಗೆ ಕಿರಿಕಿರಿ. ಹುಡುಗಿ ದೊಡ್ಡವಳಾಗಿ ಸಿಡ್ನಿಯ ಮನೆಯಲ್ಲಿ ಅಡುಗೆ ಮಾಡುತ್ತಿದ್ದಾಳೆ. ಗಂಡ ಬಂದು ಬಡ್ತಿಯ ಸುದ್ದಿ ಹೇಳುತ್ತಾನೆ. ಅವಳ ಕಣ್ಣು ಬೇರೆಲ್ಲೋ ಇದೆ. ಮೂವರೂ ಆ ನೀರಿನಲ್ಲಿ ಈಜುತ್ತಿರುವ ನೆನಪು, ಹಿನ್ನೆಲೆಯಲ್ಲಿ ಇಂಗ್ಲಿಷ್ ಕವಿ ಹೌಸ್‌ಮನ್‌ನ ಸಾಲುಗಳು, ಕಳೆದುಹೋದ ನಾಡಿನ ಬಗ್ಗೆ. ನಾಡು ಕಳೆದುಕೊಂಡವನು ಅವನು, ಹಂಬಲಿಸುವ ಕವಿತೆ ಸಿಕ್ಕಿದ್ದು ಅವಳಿಗೆ.

ಡಾರ್ವಿನ್ ಕನ್ನಡತಿ

ಅದಕ್ಕೇ ‘ವಾಕ್‌ಅಬೌಟ್’ ಒಂದನ್ನೇ ನೋಡಿ ನಿಲ್ಲಿಸಬಾರದು ಎಂದು ಕಂಡವರಿಗೆಲ್ಲ ಹೇಳುತ್ತೇನೆ. ಗುಲ್ಪಿಲಿಲ್ ತಾವೇ ಆ ಕಥೆಯನ್ನು ಮುಂದುವರಿಸಿದರು. 1930ರ ದಶಕದಲ್ಲಿ ಮಾನವಶಾಸ್ತ್ರಜ್ಞ ಡೊನಾಲ್ಡ್ ಥಾಮ್ಸನ್ ಅರಾಫುರಾ ಜೌಗಿನಲ್ಲಿ ತೆಗೆದ ಒಂದು ಕಪ್ಪುಬಿಳುಪು ಛಾಯಾಚಿತ್ರವಿದೆ, ತೊಗಟೆಯ ದೋಣಿಗಳಲ್ಲಿ ಸಾಲಾಗಿ ನಿಂತ ಹತ್ತು ಗಂಡಸರದು. ಅದನ್ನು ನಿರ್ದೇಶಕ ರೋಲ್ಫ್ ಡಿ ಹೀರ್‌ಗೆ ತೋರಿಸಿ ಹತ್ತು ದೋಣಿಗಳು ಬೇಕು ಎಂದವರು ಗುಲ್ಪಿಲಿಲ್. ಹಾಗೆ ಹುಟ್ಟಿದ್ದು ‘ಟೆನ್ ಕನೂಸ್’ (2006). ಪಾತ್ರಗಳೆಲ್ಲ ತಮ್ಮ ಭಾಷೆಯಲ್ಲಿ ಮಾತನಾಡುತ್ತಾರೆ, ಹಾಸ್ಯ ಮಾಡುತ್ತಾರೆ, ಜಗಳವಾಡುತ್ತಾರೆ. ಅಣ್ಣನ ಹೆಂಡತಿಯ ಮೇಲೆ ಕಣ್ಣಿಟ್ಟ ಒಬ್ಬ ತರುಣನಿಗೆ ಹಿರಿಯನೊಬ್ಬ ಕಥೆ ಹೇಳಿ ಬುದ್ಧಿ ಕಲಿಸುತ್ತಾನೆ. ನಾನು ಮೇಲೆ ಹೇಳಿದ ಹಿರಿಯರು, ಬಂಧುಗಳು ಎಲ್ಲರೂ ಅದರಲ್ಲಿ ಇದ್ದಾರೆ. ತರುಣನ ಪಾತ್ರ ಅವರ ಮಗ ಜೇಮಿಯದು, ನಿರೂಪಣೆಯ ದನಿ ಅವರದೇ.

ಆಮೇಲೆ ‘ಚಾರ್ಲೀಸ್ ಕಂಟ್ರಿ’ (2013). ಗುಲ್ಪಿಲಿಲ್ ಜೈಲಿನಲ್ಲಿದ್ದ ಕಾಲದಲ್ಲಿ ಡಿ ಹೀರ್ ಜೊತೆ ಮಾತನಾಡಿ ಕಟ್ಟಿದ ಕಥೆ. ಅದಕ್ಕಾಗಿ 2014ರಲ್ಲಿ ಕಾನ್ ಚಿತ್ರೋತ್ಸವದ ‘ಅನ್ ಸರ್ಟನ್ ರಿಗಾರ್ಡ್’ ವಿಭಾಗದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ವಯಸ್ಸಾದ ಚಾರ್ಲಿಯ ಬಂದೂಕನ್ನು ಪೊಲೀಸರು ಕಿತ್ತುಕೊಳ್ಳುತ್ತಾರೆ. ಅವನು ಮರ ಕೆತ್ತಿ ಈಟಿ ಮಾಡಿಕೊಳ್ಳುತ್ತಾನೆ. ಅದೂ ಅಪಾಯಕಾರಿ ಆಯುಧವೆಂದು ಅದನ್ನೂ ಕಿತ್ತುಕೊಳ್ಳುತ್ತಾರೆ. ಊರು ಬಿಟ್ಟು ಕಾಡಿಗೆ ಹೋಗುತ್ತಾನೆ, ಮಳೆಯಲ್ಲಿ ಜ್ವರ ಬಂದು ನರಳುತ್ತಾನೆ. ಹದಿನಾರರಲ್ಲಿ ದಿಬ್ಬದ ಮೇಲೆ ಈಟಿ ಹಿಡಿದು ನಿಂತಿದ್ದ ಆ ಮುಖವೇ ಇದು, ನಾಲ್ಕು ದಶಕಗಳ ನಂತರದ್ದು. ಮತ್ತು ಚಾರ್ಲಿ ಸಾಯುವುದಿಲ್ಲ. ತನ್ನವರ ನಡುವೆ ಮರಳಿ ಬಂದು ಹುಡುಗರಿಗೆ ಕುಣಿತ ಕಲಿಸುತ್ತಾನೆ. 1971ರ ಚಿತ್ರದಲ್ಲಿ ಯಾರಿಗೂ ಅರ್ಥವಾಗದೆ ಹೋದ ಕುಣಿತಕ್ಕೆ ಇಲ್ಲಿ ಕಲಿಯುವವರಿದ್ದಾರೆ.

ಗುಲ್ಪಿಲಿಲ್ ತೀರಿಕೊಂಡದ್ದು 2021ರ ನವೆಂಬರ್ 29ರಂದು.

ಬಯಲುಸೀಮೆ ಓದುಗ

‘ಸೋಮವಾರದ ಸಂಜೆ’ಯವರ ಸಂಕೇತದ ಮಾತಿಗೆ ನಾನು ಕೊಡಬಹುದಾದ ಉತ್ತರಕ್ಕಿಂತ ಇದು ಒಳ್ಳೆಯದು. ಆದರೂ ಒಂದು ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ: ಮೂಳೆಗಳ ನಡುವೆ ಅವನು ಮಲಗುವ ದೃಶ್ಯವನ್ನು ಬದಿಗಿಟ್ಟು ಕುಣಿತವನ್ನು ಓದಬಾರದು. ಬರುವ ಭಾನುವಾರ ‘ಚಾರ್ಲೀಸ್ ಕಂಟ್ರಿ’ಯನ್ನು ಎಲ್ಲರೂ ನೋಡಿ ಇಲ್ಲೇ ಬರೆಯೋಣ. ಮೇಷ್ಟ್ರೇ, ‘ಸ್ಟಾರ್ಮ್ ಬಾಯ್’ ತೋರಿಸಿದರೆ ಕೊನೆಯ ಸಾಲಿನ ಆ ಹುಡುಗ ಏನು ಹೇಳಿದ ಎಂದು ತಪ್ಪದೆ ತಿಳಿಸಿ.

ಕಾಡಂಚಿನ ಮೇಷ್ಟ್ರು

ತೋರಿಸುತ್ತೇನೆ. ಸಂಭಾಷಣೆ ಇಂಗ್ಲಿಷಿನಲ್ಲಿದೆ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಹಕ್ಕಿಗಳ ದೃಶ್ಯಗಳಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡು, ವಿವರಿಸುವ ಕೆಲಸವನ್ನು ಅವನಿಗೇ ಬಿಡುತ್ತೇನೆ.